ನೀರಿನಡಿಯ ಜನ ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಈಜು ಬರುವುದಿಲ್ಲ. ಸ್ನಾನಕ್ಕೆ ತುಂಬಿದ ಹಂಡೆಯ ಪಕ್ಕ ಕೂತರೂ ಒಂದು ಕೈ ಗೋಡೆಯ ಮೇಲೆ ಇರಲೇಬೇಕು! ಇಂಥ ಮನುಷ್ಯ, ಎಪ್ಪತ್ತರ ದಶಕದಲ್ಲಿ, ನೀರಿನ ತಳದಲ್ಲಿ ಜನ ಊರು ಕಟ್ಟಿಕೊಂಡು ಬಾಳುವುದು ಹೇಗೆ ಎಂಬ ವಿಷಯಕ್ಕೆ ಇಡೀ ಹೊಳಲ್ಕೆರೆ ತಾಲ್ಲೂಕಿನ ಏಕಮಾತ್ರ ಪಂಡಿತರಾಗಿದ್ದರು ಎಂದರೆ ನಂಬುತ್ತೀರಾ? ನಾನು ನಂಬಲಿಲ್ಲ. ನಂಬಿದವಳು ನಮ್ಮಜ್ಜಿ. ನನ್ನ ಹೊಟ್ಟೆಯುರಿ ಶುರುವಾದದ್ದೇ ಅಲ್ಲಿಂದ.

ಭಾವ ಎಂದರೆ ನನ್ನಕ್ಕನ ಗಂಡ. ಹಿರಿಯೂರಿನಿಂದ ಚಿತ್ರದುರ್ಗದ ಮೇಲೆ ಹೊಳಲ್ಕೆರೆಗೆ ಬರುವ ಖಾಸಗಿ ಬಸ್ಸಿನ ಕಂಡಕ್ಟರು. ಮಧ್ಯಾಹ್ನ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಷ್ಟು ಹೊತ್ತು ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಬಗಲಲ್ಲಿ ಚೀಲ, ಚೀಲದ ತುಂಬ ಇಂಗ್ಲಿಷ್ ಕಾಮಿಕ್ ಪುಸ್ತಕಗಳು. ಎಲ್ಲವೂ ದುರ್ಗದ ರದ್ದಿ ಅಂಗಡಿಯಲ್ಲಿ ಆರಿಸಿ ತಂದವು. ಒಂದಕ್ಕೆ ರಟ್ಟಿಲ್ಲ, ಇನ್ನೊಂದಕ್ಕೆ ಕೊನೆಯಿಲ್ಲ. ಭಾವ ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಹಾಗಾಗಿ ಅವರು ಆ ಪುಸ್ತಕಗಳನ್ನು ಓದುತ್ತಿರಲಿಲ್ಲ, ನೋಡುತ್ತಿದ್ದರು. ನೋಡಿದ್ದನ್ನು ನಮ್ಮಜ್ಜಿಗೆ ವಿವರಿಸುತ್ತಿದ್ದರು.

ನಾನೋ, ಬಿ.ಎಸ್ಸಿ.! ನಮ್ಮ ಮನೆತನದ ಮೊದಲ ಪದವೀಧರೆ, ಊರಿನ ಶಾಲೆಯಲ್ಲಿ ವಿಜ್ಞಾನದ ಟೀಚರು. ಚಿಕ್ಕಂದಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಅಜ್ಜಿಯ ತವರೂರು ಹಿರಿಯೂರಿನ ಕಡೆ. ಮಾರಿಕಣಿವೆಗೆ ಅಣೆಕಟ್ಟು ಕಟ್ಟಿದಾಗ ಆ ಊರು ನೀರಲ್ಲಿ ಮುಳುಗಿತಂತೆ. ಆಗ ಅಜ್ಜಿಗೆ ಎಂಟು ವರ್ಷ. ಒಮ್ಮೆ ನಾನು ನೋಟ್‌ಬುಕ್ಕು, ಪೆನ್ನು ಹಿಡಿದು ಅವಳೆದುರು ಕೂತಿದ್ದೆ. ನಿಮ್ಮೂರಲ್ಲಿ ಎಷ್ಟು ಮನೆ ಇದ್ದವು, ಏನೇನು ಬೆಳೆಯುತ್ತಿದ್ದರು ಎಂದು ಕೇಳಿದೆ. "ಏನೈತೆ ಹೇಳಾಕೆ? ನೀರೈತೆ," ಎಂದು ಎದ್ದು ಹೋದಳು. ಅದೇ ಅಜ್ಜಿ ಭಾವನ ಮುಂದೆ ಆ ಊರನ್ನು ಓಣಿ ಓಣಿಯಾಗಿ ಬಿಚ್ಚಿಡುವುದೆಂದರೆ! ನನಗೆ ಹೇಗಾಗಿರಬೇಡ?

ಮೊದಲು ಬಂದದ್ದು ಕಿವಿರಿನ ಸಿದ್ಧಾಂತ.

"ನೋಡಜ್ಜಿ, ಇವ್ರಿಗೆ ಕಿವಿ ಹಿಂದೆ ಮೀನಿಗಿದ್ದಂಗೆ ಸೀಳೈತೆ. ಅದ್ರಾಗೆ ಉಸ್ರಾಡ್ತಾರೆ," ಎಂದು ಭಾವ ಚಿತ್ರದ ಮೇಲೆ ಬೆರಳಿಟ್ಟರು. ಅಜ್ಜಿ ಮೆಲ್ಲಗೆ ತನ್ನ ಕಿವಿಯ ಹಿಂದೆ ತಡವಿ ನೋಡಿಕೊಂಡಳು.

"ಮನುಷ್ಯನಿಗೆ ಇರೋದು ಶ್ವಾಸಕೋಶ ಅಜ್ಜಿ," ಎಂದೆ ನಾನು.

"ನೀ ಸುಮ್ಕಿರೇ, ಅಳಿಯಂದ್ರು ಹೇಳ್ಲಿ. ನಮ್ಮೂರಾಗೆ ಗೌಡನ ಹೆಂಡ್ತಿಗೆ ಕಿವಿ ತುಂಬ ವಾಲೆ ಇದ್ವು. ಅವ್ಳಿಗೆ ಸೀಳು ಎಲ್ಲಿ ಬಂದಿರ್ತಾವಪ್ಪ?"

"ವಾಲೆ ಸ್ವಲ್ಪ ಮುಂದಕ್ಕೆ ಸರಿಸ್ಕೊಂಡಿರ್ತಾರಜ್ಜಿ."

ಅಜ್ಜಿ ನಗುತ್ತಾ ಕೆನೆಮೊಸರಿನ ಬಟ್ಟಲನ್ನು ಭಾವನ ತಟ್ಟೆಯ ಹತ್ತಿರ ತಳ್ಳಿದಳು. ಇಪ್ಪತ್ತು ವರ್ಷ ನನಗೆ ಮೀಸಲಾಗಿದ್ದ ಕೆನೆಮೊಸರು! ಆ ದಿನ ನಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸಿ ಶಾಲೆಗೆ ಹೋಗಿ, ಏಳನೇ ಕ್ಲಾಸಿನವರಿಗೆಲ್ಲ ಶ್ವಾಸಕೋಶದ ಚಿತ್ರವನ್ನು ಎರಡೆರಡು ಸಲ ಬರೆಸಿದೆ.

ವಾರ ಕಳೆಯುವುದರೊಳಗೆ ಭಾವನಿಗೆ ಇನ್ನೊಂದು ಪುಸ್ತಕ ಸಿಕ್ಕಿತು. ಕಿವಿರು ರದ್ದಾಯಿತು.

"ಊರಿಗೆಲ್ಲ ಸೇರಿಸಿ ಗಾಜಿನ ಬೋಗುಣಿ ಬೋರಲು ಹಾಕವ್ರೆ. ಒಳಗೆ ಗಾಳಿ, ಹೊರಗೆ ನೀರು. ಮೀನು ಕಿಟಕಿಯಾಗೆ ಇಣುಕ್ತಾವೆ."

"ಹಂಗಾರೆ ಒಲೆ ಹೊಗೆ ಎಲ್ಲಿಗೆ ಹೋಗ್ತೈತೆ?" ಎಂದಳು ಅಜ್ಜಿ.

ಸತ್ಯ ಹೇಳುತ್ತೇನೆ, ಬಿ.ಎಸ್ಸಿ. ಓದಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ! ಭಾವ ನಾಲ್ಕು ಹಾಳೆ ಮಗುಚಿ, "ಒಲೇನೇ ಇಲ್ಲಜ್ಜಿ. ಮಾತ್ರೆ ನುಂಗ್ತಾರೆ, ಹೊಟ್ಟೆ ತುಂಬ್ತೈತೆ," ಎಂದರು. "ಪುಣ್ಯವಂತ್ರು," ಎಂದು ಅಜ್ಜಿ ನಿಟ್ಟುಸಿರುಬಿಟ್ಟಳು.

ಇದನ್ನು ಹೀಗೇ ಬಿಡಬಾರದೆಂದು ನಾನು ಬಕೆಟ್ಟು ಲೋಟ ತಂದೆ. ಲೋಟದ ತಳಕ್ಕೆ ಕಾಗದ ತುರುಕಿ, ಬೋರಲಾಗಿ ನೀರಿನಲ್ಲಿ ಮುಳುಗಿಸಿದೆ. ಆಮೇಲೆ ಲೋಟವನ್ನು ಓರೆ ಮಾಡಿ, ಗಾಳಿ ಬುಳಬುಳನೆ ಹೊರಗೋಡುವುದನ್ನು ತೋರಿಸಿ, ನೋಡಿದಿರಾ ನಿಮ್ಮ ಬೋಗುಣಿಯ ಗತಿ ಎಂದು ಕೇಳುವುದು ನನ್ನ ಯೋಜನೆ. ಅಷ್ಟರಲ್ಲಿ ಅಜ್ಜಿಯೇ ಲೋಟವನ್ನು ಕಸಿದು ಮೇಲೆತ್ತಿ ಕಾಗದ ಮುಟ್ಟಿ ನೋಡಿದಳು.

"ಒಣಗೈತಲ್ಲೇ! ಅಳಿಯಂದ್ರು ಹೇಳಿದ್ದು ಖರೇ ಆತು!"

"ನೀವು ಓದಿದೋರು, ಅದ್ಕೇ ತೋರಿಸ್ಬಿಟ್ರಿ ಟೀಚರಮ್ಮ," ಎಂದು ಭಾವ ನನಗೆ ಕೈ ಬೇರೆ ಮುಗಿದರು.

ಮೂರನೆಯ ಸಿದ್ಧಾಂತವೇ ಎಲ್ಲಕ್ಕಿಂತ ದೊಡ್ಡದು. ಕಾಮಿಕ್ ಪುಸ್ತಕದಲ್ಲಿ ಮಾತಾಡುವವರ ಬಾಯಿಂದ ಬಿಳಿಯ ಗುಳ್ಳೆಯೊಂದು ಹೊರಟು, ಅದರೊಳಗೆ ಅವರ ಮಾತು ಅಚ್ಚಾಗಿರುತ್ತದಲ್ಲ? ಭಾವ ಅದನ್ನು ಗಾಳಿಯ ಗುಳ್ಳೆ ಎಂದುಕೊಂಡಿದ್ದರು!

"ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ ಕಣಜ್ಜಿ. ನೋಡು, ಎಲ್ರ ಬಾಯಾಗೂ ಗುಳ್ಳೆ. ಮಾತಾಡಿದ್ರೆ ಗಾಳಿ ಹುಟ್ತೈತೆ. ನೀರಾಗಿನ ಜನ ಮಾತಾಡ್ಕೊಂಡೇ ಜೀವ ಹಿಡ್ಕೊಂಡವ್ರೆ."

ಅಜ್ಜಿ ಆ ದಿನ ನಗಲಿಲ್ಲ. ಬಹಳ ಹೊತ್ತು ಚಿತ್ರ ನೋಡಿ, "ಒಬ್ಳೇ ಇದ್ರೆ? ಮಾತಾಡಾಕೆ ಯಾರೂ ಇಲ್ದಿದ್ರೆ?" ಎಂದಳು.

"ದಡದಾಗಿಂದ ನಾವು ಮಾತಾಡ್ಸಿದ್ರೂ ಸಾಕಜ್ಜಿ. ಗುಳ್ಳೆ ಕೆಳಗೆ ಹೋಗ್ತಾವೆ."

ನನಗೆ ತಡೆಯಲಾಗಲಿಲ್ಲ. ಪುಸ್ತಕ ಕಿತ್ತುಕೊಂಡೆ. "ಇದು ಗಾಳಿಯಲ್ಲ ಭಾವ, ಅಕ್ಷರ! ಅವರಾಡಿದ ಮಾತು ಇದರೊಳಗೆ ಬರೆದಿದೆ. ಓದ್ರಿ ನೋಡೋಣ! ಒಂದು ಸಾಲು ಓದ್ರಿ!"

ಭಾವ ಓದಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಕೈ ತೊಳೆದು, ಚೀಲವನ್ನು ಬಗಲಿಗೇರಿಸಿ, "ಬಸ್ಸಿಗೆ ಟೈಮಾತು," ಎಂದು ಹೊರಟರು. ಗೆದ್ದೆ ಎಂದುಕೊಂಡೆ. ನಿಜಕ್ಕೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ?

ಭಾವ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೆನೆಮೊಸರು ನನ್ನ ತಟ್ಟೆಗೆ ವಾಪಸು ಬಂತು, ಅಜ್ಜಿಯ ಮಾತು ಮಾತ್ರ ಬರಲಿಲ್ಲ. ನಾಲ್ಕನೆಯ ದಿನ ನಾನೇ ಕೇಳಿದೆ. "ಏನಜ್ಜಿ, ಅವರ ಹುಚ್ಚು ಕತೆ ನಿಜ ಅಂತ ನಂಬಿದ್ದೆಯಾ?"

"ನೀರಾಗೆ ಮನ್ಷಾರು ಬದುಕಂಗಿಲ್ಲ ಅಂತ ನಂಗೊತ್ತಿಲ್ವೇನೇ?" ಎಂದಳು ಅಜ್ಜಿ. "ನಾನು ಆರು ವರ್ಷದೋಳಿದ್ದಾಗ ನಮ್ಮವ್ವ ಹೋದ್ಲು. ನಮ್ಮ ಹೊಲದಾಗೇ ಮಣ್ಣು ಮಾಡಿದ್ರು. ಎರಡು ವರ್ಷಕ್ಕೆ ನೀರು ಬಂತು. ಎಲ್ರೂ ಗಾಡಿ ಹತ್ತಿದ್ವಿ. ದನ ಬಂದ್ವು, ನಾಯಿ ಬಂತು, ಬಾಗಿಲು ಚೌಕಟ್ಟೂ ಕಿತ್ಕೊಂಡು ಬಂದ್ರು. ಅವ್ವನೊಬ್ಳನ್ನ ಬಿಟ್ಟು ಬಂದ್ವಿ. ನೀನು ಮನೆ ಎಷ್ಟಿದ್ವು ಅಂತ ಕೇಳಿದೆ. ಆ ಹುಡುಗ ಯಾರ್‍ಯಾರು ಇದ್ರು ಅಂತ ಕೇಳ್ದ."

ಅಜ್ಜಿಯ ಅವ್ವನ ಬಗ್ಗೆ ನಾನು ಒಂದು ಸಲವೂ ಕೇಳಿರಲಿಲ್ಲ. ಅವಳಿಗೂ ಒಬ್ಬಳು ಅವ್ವ ಇದ್ದಳು ಎಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಬಸ್‌ಸ್ಟ್ಯಾಂಡಿಗೆ ಹೋದೆ. ಭಾವ ಬಸ್ಸಿನ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ತಪ್ಪಾಯ್ತು ಭಾವ. ಊಟಕ್ಕೆ ಬರ್ರಿ."

"ಓದಾಕೆ ಬರಂಗಿಲ್ಲ ಅನ್ನೋದು ಸುಳ್ಳಲ್ಲ ಕಣವ್ವ," ಎಂದರು ಭಾವ, ತಲೆ ಎತ್ತದೆ. "ಅಜ್ಜಿ ಮುಂದೆ ಅನ್ಬಾರ್ದಿತ್ತು." ಆದರೂ ಎದ್ದು ಬಂದರು.

ಊಟವಾದ ಮೇಲೆ ಅಜ್ಜಿ ತಾನೇ ಚೀಲಕ್ಕೆ ಕೈ ಹಾಕಿ ಆ ಪುಸ್ತಕ ತೆಗೆದಳು. ನೀರಿನಡಿಯಲ್ಲಿ ನಿಂತ, ತಲೆಗೂದಲು ಬಿಟ್ಟುಕೊಂಡ ಒಬ್ಬ ರಾಣಿಯ ಚಿತ್ರ. ಅವಳ ಬಾಯಿಂದ ಹೊರಟ ಗುಳ್ಳೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು.

"ಇದ್ರಾಗೆ ಮಾತು ಬರ್ದೈತೆ ಅಂದ್ಯಲ್ಲ. ಓದು. ಏನಂತಾಳೆ ಇವ್ಳು?"

ಓದಿದೆ. ಶತ್ರುಗಳನ್ನು ಕೊಲ್ಲಿರಿ, ಒಬ್ಬನನ್ನೂ ಉಳಿಸಬೇಡಿರಿ ಎಂದು ದಪ್ಪಕ್ಷರದಲ್ಲಿತ್ತು.

"'ನನ್ ಮಗಳು ಉಂಡ್ಲಾ?' ಅಂತ ಕೇಳ್ತಾಳೆ ಅಜ್ಜಿ," ಎಂದೆ.

ಭಾವ ಬೆರಗಾಗಿ ನನ್ನನ್ನೇ ನೋಡಿದರು. ಇಷ್ಟು ದಿನ ಚೀಲದಲ್ಲಿ ಹೊತ್ತು ತಿರುಗಿದ ಪುಸ್ತಕದಲ್ಲಿ ಇಂಥ ಮಾತಿದ್ದೂ ತಮಗೆ ಸಿಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಅಜ್ಜಿ ನಮ್ಮಿಬ್ಬರನ್ನೂ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಪುಸ್ತಕದ ಹತ್ತಿರಕ್ಕೆ ಬಗ್ಗಿದಳು.

"ಉಂಡೆ ಕಣವ್ವ," ಎಂದಳು. "ಈಗಿನ್ನೂ ಉಂಡೆ."