ಗೇರ್‌ಬಾಕ್ಸಿಗೊಂದಿಷ್ಟು ಎಣ್ಣೆ

ಏಳು ಸಮುದ್ರದಾಚೆ ಅಲ್ಲ, ಒಂದೇ ಒಂದು ಗುಡ್ಡದಾಚೆ ಒಂದು ಕೆರೆಯಿತ್ತಂತೆ. ಸಂಜೆಯಾದರೆ ಅದರ ನೀರೆಲ್ಲ ಬಂಗಾರವಾಗುತ್ತಿತ್ತಂತೆ. ಅದನ್ನು ತೋರಿಸುತ್ತೇನೆಂದು ಒಬ್ಬ ಟೈಲರು ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಮಾತು ಕೊಟ್ಟಿದ್ದ. ರಾಜಕುಮಾರನಿಗಾದರೆ ಹಾರುವ ಕುದುರೆ ಸಿಗುತ್ತದೆ; ಇವನಿಗೆ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಕಾರು.

ಹೊಲಿಗೆ ಮಿಷನ್ನಿಗೆ ದಿನವೂ ಎಣ್ಣೆ ಬಿಡುತ್ತಿದ್ದವನು ಕಾರಿನ ಗೇರ್‌ಬಾಕ್ಸನ್ನು ಮಾತ್ರ ತಿರುಗಿಯೂ ನೋಡಿರಲಿಲ್ಲ.

"ರೀ, ಅದರ ಆಯಿಲ್ ಬದಲಾಯಿಸಿ ಅಂತ ಎಷ್ಟು ಸಲ ಹೇಳೋದು?"

"ಆಟೋಮ್ಯಾಟಿಕ್ ಅಲ್ವೇನೇ! ತನ್ನ ಪಾಡು ತಾನೇ ನೋಡ್ಕೊಳ್ಳುತ್ತೆ."

ಅವಳಿಗೂ ಕಾರು ಓಡಿಸಲು ಬರುತ್ತಿತ್ತು. "ನಾನೇ ಓಡಿಸ್ಲಾ?" ಅಂದರೆ ಅವನ ಮುಖ ಸಣ್ಣಗಾಗುತ್ತಿತ್ತು. "ಮಾತು ಕೊಟ್ಟೋನು ನಾನು ಕಣೇ."

ಅಂತೂ ಒಂದು ರಜೆಯ ದಿನ ಇಬ್ಬರೂ ಹೊರಟರು. ಟೈಲರು ಗೇರಿನ ಲಿವರನ್ನು ಮುಂದಕ್ಕೆ ಹೋಗುವ ‘ಡಿ’ಗೆ ತಂದ. ಇಂಜಿನ್ನು ಹುಲಿಯಂತೆ ಗುರ್ ಅಂದಿತು. ಚಕ್ರ ಮಾತ್ರ ಸ್ಕೂಲಿಗೆ ಹೋಗಲೊಲ್ಲದ ಮಗುವಿನಂತೆ ಹಟ ಹಿಡಿಯಿತು.

"ಬಿಸಿನೀರು ಹುಯ್ಯಿ ಮಗಾ, ನನ್ನ ಮಂಡಿ ಹಿಡ್ಕೊಂಡ್ರೆ ನಾನು ಅದೇ ಮಾಡೋದು," ಅಂದಳು ಪಕ್ಕದ ಮನೆ ಅಜ್ಜಿ.

ಎದುರುಮನೆ ಮೇಷ್ಟ್ರು ತಳ್ಳಲು ಹಿಂದೆ ಬಂದರು. ಗಾಬರಿಯಲ್ಲಿ ಟೈಲರು ಲಿವರನ್ನು ‘ಆರ್’ಗೆ ಎಳೆದ. ಕಾರು ಹಿಂದಕ್ಕೆ ಜಿಗಿಯಿತು, ಮೇಷ್ಟ್ರು ಚಪ್ಪಲಿ ಬಿಟ್ಟು ಕಾಂಪೌಂಡ್ ಗೋಡೆಯ ಮೇಲಕ್ಕೆ ಜಿಗಿದರು.

"ರಿವರ್ಸ್ ಬೀಳುತ್ತಲ್ಲಯ್ಯಾ! ಗ್ಯಾರೇಜಿಗೆ ಹಾಗೇ ಹೋಗು!" ಎಂದು ಮೇಲಿಂದಲೇ ಅಪ್ಪಣೆಯಾಯಿತು.

ದಾರಿ ಹೇಳಲು ಹೆಂಡತಿ ಹಿಂದಿನ ಸೀಟಿಗೆ ಹೋದಳು. ಟೈಲರು ಕತ್ತು ಹೊರಳಿಸಿ, ಆಮೆಯಂತೆ ಹಿಂದು ಹಿಂದಕ್ಕೆ ಹೊರಟ.

"ನಿಧಾನ ರೀ, ನಾಯಿ!"

"ನಾನು ಹಿಂದಕ್ಕೆ ಬರ್ತಿದೀನಿ ಅಂತ ಅದಕ್ಕೂ ಹೇಳೇ!"

ಅವಳು ನಕ್ಕಳು. ನಕ್ಕರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುವುದು ಅವನಿಗೆ ಮರೆತೇ ಹೋಗಿತ್ತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿ ಮೂಗು ಮುಚ್ಚಿಕೊಂಡ. "ಇದೇನು ಟೈಲರಣ್ಣ, ಎಣ್ಣೆನೋ ಕಾಡಿಗೆನೋ? ಕೆಂಪಗಿರ್ಬೇಕು ಇದು!"

ಫಿಲ್ಟರು ಬದಲಾಯಿತು, ಹೊಸ ಎಣ್ಣೆ ಬಿತ್ತು. ಅಷ್ಟೂ ಹೊತ್ತು ಟೈಲರು ಬೆಂಚಿನ ಮೇಲೆ ಕೂತು ಪಕ್ಕದಲ್ಲಿದ್ದ ಹೆಂಡತಿಯನ್ನೇ ನೋಡುತ್ತಿದ್ದ. ಅವಳಿಗೆ ನಾಚಿಕೆಯೋ ನಾಚಿಕೆ.

"ಪುಣ್ಯಕ್ಕೆ ಒಳಗೆ ಸುಟ್ಟಿಲ್ಲ. ಇನ್ಮೇಲಾದ್ರೂ ಕಾಲಕಾಲಕ್ಕೆ ಆಯಿಲ್ ಬದಲಾಯಿಸಿ. ಹೊರಡಿ, ಬೆಣ್ಣೆ ಹಾಗೆ ಮುಂದಕ್ಕೆ ಹೋಗುತ್ತೆ."

ನಿಜ, ಕಾರು ಮುಂದಕ್ಕೆ ಸರಿಯಿತು. ಟೈಲರು ಮಾತ್ರ ಹಿಂದಕ್ಕೇ ನೋಡುತ್ತಿದ್ದ.

"ರೀ, ರಸ್ತೆ ನೋಡಿ!"

ಅವನು ಬ್ರೇಕ್ ಒತ್ತಿದ. "ಆಗ್ತಿಲ್ಲ ಕಣೇ. ಬಂದಾಗಿಂದ ಕತ್ತು ‘ಆರ್’ನಲ್ಲೇ ಸಿಕ್ಕಿಹಾಕ್ಕೊಂಡಿದೆ."

"ಮತ್ತೆ ಅಷ್ಟೊತ್ತೂ ನನ್ನೇ ನೋಡ್ತಿದ್ದಿದ್ದು?"

"ಮೊದಲು ತಿರುಗಿಸೋಕೆ ಆಗ್ಲಿಲ್ಲ. ಆಮೇಲೆ ಮನಸ್ಸೂ ಆಗ್ಲಿಲ್ಲ."

"ಆ ಜಾಯಿಂಟಿಗೆ ನನ್ನ ಹತ್ರ ಎಣ್ಣೆ ಇಲ್ಲಪ್ಪ," ಅಂದ ಮೆಕ್ಯಾನಿಕ್ಕು.

ಹೆಂಡತಿ ಇಳಿದು ಬಂದು ಸ್ಟೇರಿಂಗ್ ಹಿಡಿದಳು. ಗುಡ್ಡ ಹತ್ತಿ ಇಳಿದಾಗ ಸೂರ್ಯ ಇನ್ನೂ ಇದ್ದ. ಕೆರೆಯ ನೀರೆಲ್ಲ ಬಂಗಾರ. ಟೈಲರು ದಡದಲ್ಲಿ ಎದೆಯುಬ್ಬಿಸಿ ಕೆರೆಗೆ ಎದುರಾಗಿ ನಿಂತ. ಮುಖ ಮಾತ್ರ ಪಕ್ಕದಲ್ಲಿದ್ದ ಅವಳತ್ತಲೇ ಇತ್ತು.

"ಕೆರೆ ಈ ಕಡೆ ರೀ."

"ಇರ್ಲಿ ಬಿಡೇ. ತೋರಿಸ್ತೀನಿ ಅಂದಿದ್ದೆ, ನೋಡ್ತೀನಿ ಅಂದಿರ್ಲಿಲ್ವಲ್ಲ."

ಅವಳು ಕಣ್ತುಂಬ ಕೆರೆ ನೋಡಿದಳು.