ಸದ್ದಿಲ್ಲದ ಕಾರೂ ಬಗ್ಗದ ಗಂಡನೂ

ಗಂಡನನ್ನು ಒಪ್ಪಿಸುವುದು ಅಂಥಾ ದೊಡ್ಡ ಕೆಲಸವೇನಲ್ಲ ಅಂತ ನಾನು ಬಲವಾಗಿ ನಂಬಿದ್ದೆ. ಯಲಹಂಕದ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಡಂ. ಪ್ರತಿ ವರ್ಷವೂ ಒಂದೊಂದು ಹೊಸ ತಂಡದ ತಲೆಗೆ ವಿದ್ಯುತ್ತಿನ ಪಾಠ ತುಂಬಿ ಕಳಿಸುವವಳು. ಅಂಥವಳಿಗೆ ಮನೆಯಲ್ಲಿರುವ ಒಬ್ಬನೇ ಒಬ್ಬ ಗಂಡನ ತಲೆಗೆ ಒಂದು ಎಲೆಕ್ಟ್ರಿಕ್ ಕಾರು ತುಂಬುವುದು ಎಷ್ಟರ ಮಾತು!

ನಮ್ಮನೆಯವರ ಹೆಸರು ಬಸವರಾಜು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಎಚ್.ಆರ್. ಅಧಿಕಾರಿ. ಹುಟ್ಟಿದ್ದು ಗದಗದ ಕಡೆ. ಮನುಷ್ಯ ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಯಿತು, ಮಾತು ಮಾತ್ರ ಇನ್ನೂ ಅಲ್ಲೇ ಬಸ್ ಕಾಯುತ್ತಾ ನಿಂತಿದೆ. ಅವರ ಹತ್ತಿರ ಒಂದು ಹಳೇ ಪೆಟ್ರೋಲ್ ಕಾರಿದೆ. ಅದನ್ನು ಅವರು ಭಾನುವಾರ ಬೆಳಗ್ಗೆ ತೊಳೆಯುವ ಪರಿ ನೋಡಿದರೆ, ನನಗೆ ಯಾವತ್ತಾದರೂ ಅಷ್ಟು ಪ್ರೀತಿಯಿಂದ ಕಾಫಿ ಕೊಟ್ಟಿದ್ದಾರಾ ಅಂತ ಅನುಮಾನ ಬರುತ್ತದೆ.

ಆ ಕಾರನ್ನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಓಡಿಸಿದವರಿಗೇ ಗೊತ್ತು. ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಫ್ಲೈಓವರ್ ಇಳಿಯುವಷ್ಟರಲ್ಲಿ ನನ್ನ ಎಡಮೊಣಕಾಲು ಊದಿ ಬದನೆಕಾಯಿ ಆಗಿರುತ್ತಿತ್ತು. "ಎಲೆಕ್ಟ್ರಿಕ್ ಕಾರಲ್ಲಿ ಕ್ಲಚ್ಚೇ ಇರಲ್ಲ ಕಣ್ರೀ" ಅಂದೆ ಒಂದು ದಿನ.

"ಅದು ಕಾರ್ ಅಲ್ಲಲೇ. ಚಕ್ರ ಹಚ್ಚಿದ ಮೊಬೈಲು!" ಅಂದರು ಅವರು, ರೊಟ್ಟಿ ಮುರಿಯುತ್ತಾ.

ನಾನು ಸುಮ್ಮನಾಗಲಿಲ್ಲ. ಊಟದ ಮೇಜಿನ ಮೇಲೆ ಚಿತ್ರ ಬರೆದು ಮೋಟರು, ಬ್ಯಾಟರಿ, ಬ್ರೇಕ್ ಹಾಕಿದಾಗ ಶಕ್ತಿ ವಾಪಸ್ ಬರುವ ಚಮತ್ಕಾರ, ಎಲ್ಲವನ್ನೂ ವಿಶದವಾಗಿ ಬೋಧಿಸಿದೆ. ಅವರು ಹಿಂದಿನ ಬೆಂಚಿನ ವಿದ್ಯಾರ್ಥಿಯ ಹಾಗೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದರು. ಕೊನೆಯಲ್ಲಿ ಒಂದೇ ಪ್ರಶ್ನೆ. "ನಡುದಾರಿಯೊಳಗ ಚಾರ್ಜ್ ಮುಗದ್ರ ನೀ ನೂಕ್ತೀಯೋ, ನಾ ನೂಕ್ಲೋ?"

ಪಾಠದಿಂದ ಆಗದ್ದು ಪ್ರಯೋಗದಿಂದ ಆಗುತ್ತದೆ ಅಂತ ತೀರ್ಮಾನಿಸಿದೆ. ಅದೃಷ್ಟ ಕೂಡಿ ಬಂತು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ರೇಖಾ ಊರಿಗೆ ಹೊರಟಿದ್ದಳು. ಅವಳ ಎಲೆಕ್ಟ್ರಿಕ್ ಕಾರನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಟ್ಟು, "ಓಡಿಸ್ತಾ ಇರಿ ಮೇಡಂ, ಸರ್‌ಗೂ ತೋರಿಸಿ" ಅಂತ ಕೀ ಕೈಗಿಟ್ಟಳು. ಮಾರನೇ ದಿನವೇ ಮಾಕಳಿಯಲ್ಲಿ ಮಲ್ಲಣ್ಣನ ಗೃಹಪ್ರವೇಶ. ಮಲ್ಲಣ್ಣ ನಮ್ಮನೆಯವರ ಊರಿನವನು, ಬಾಲ್ಯದ ಗೆಳೆಯ. ಅಲ್ಲಿಗೆ ಈ ಕಾರಲ್ಲಿ ಹೋಗುವುದು, ದಾರಿಯಲ್ಲೇ ಗಂಡನನ್ನು ಮೆತ್ತಗೆ ಮಾಡುವುದು, ವಾಪಸ್ ಬರುವಾಗ ಬುಕಿಂಗ್! ಯೋಜನೆಯಲ್ಲಿ ಒಂದು ಲೋಪವೂ ಇರಲಿಲ್ಲ.

ಹಿಂದಿನ ಸಂಜೆ ಅಪಾರ್ಟ್‌ಮೆಂಟಿನವರನ್ನೆಲ್ಲ ಕೂರಿಸಿಕೊಂಡು ಸುತ್ತು ಹೊಡೆಸಿ ಮೆರೆದೆ. ಆಮೇಲೆ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಚಾರ್ಜಿಂಗ್ ಪ್ಲಗ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಚಾರ್ಜು ನಿನ್ನೆ ಎಲ್ಲಿತ್ತೋ ಅಲ್ಲೇ, ಅರ್ಧಕ್ಕೂ ಕೆಳಗೆ.

ಪ್ಲಗ್ ಹಾಕಿದ್ದೆ. ಸ್ವಿಚ್ ಹಾಕಿರಲಿಲ್ಲ!

ಭೌತಶಾಸ್ತ್ರದ ಮೇಡಂ ಸ್ವಿಚ್ ಹಾಕದೆ ಮಲಗಿದಳು ಅಂತ ಗಂಡನಿಗೆ ಹೇಳುವುದುಂಟೇ? ಮಾಕಳಿಗೆ ಹೋಗಿ ಬರಲು ಇಷ್ಟು ಸಾಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆದರೂ ಮುಂಜಾಗ್ರತೆಗೆ, ಪರದೆಯಲ್ಲಿ ಚಾರ್ಜು ತೋರಿಸುವ ಮೂಲೆಗೆ ಒಂದು ಮೊಳ ಮಲ್ಲಿಗೆ ಹೂವು ಇಳಿಬಿಟ್ಟೆ.

"ಗಾಡಿಗ್ಯಾಕ ಹೂವು ಮುಡಿಸೀದಿ?" ಅಂದರು ರೇಷ್ಮೆ ಶರ್ಟು ತೊಟ್ಟು ಬಂದು ಕೂತ ಬಸವರಾಜು.

"ಶುಭಕಾರ್ಯಕ್ಕೆ ಹೋಗ್ತಿದ್ದೀವಲ್ಲ ರೀ!"

ಹೆಸರಘಟ್ಟದ ಕಡೆಯಿಂದ ಹೋದರೆ ಬೇಗ ಆಗುತ್ತದೆ ಅಂತ ಅವರು ಹೇಳಿದರು. ನಾನು ಕೇಳಬೇಕಲ್ಲ! ಬ್ಯಾಟರಾಯನಪುರದಲ್ಲಿ ನನ್ನ ತವರುಮನೆ. ಇಂಥಾ ಕಾರು ಓಡಿಸಿಕೊಂಡು ತವರಿನ ಮುಂದೆ ನಿಲ್ಲಿಸದಿದ್ದರೆ ಹೆಣ್ಣಾಗಿ ಹುಟ್ಟಿ ಏನು ಫಲ? "ಅಮ್ಮನಿಗೆ ಮುಖ ತೋರಿಸಿ ಎರಡೇ ನಿಮಿಷಕ್ಕೆ ಬರೋಣ" ಅಂತ ಅತ್ತ ತಿರುಗಿಸಿದೆ.

ಅಮ್ಮ ನನ್ನ ಮುಖ ನೋಡಿದಳು. ನನ್ನ ಚಿಕ್ಕಪ್ಪ ಮುನಿರಾಜು ಕಾರಿನ ಮುಖ ನೋಡಿದರು. ಹೊಲವಿದ್ದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಚಿಕ್ಕಪ್ಪ ಈಗ ಕಟ್ಟಡ ಕಟ್ಟಿಸುತ್ತಾರೆ. ಗಾಡಿ ಯಾವುದಾದರೂ ಸರಿ, ಕಂಡರೆ ಬಿಡುವವರಲ್ಲ. "ಕೀ ಕೊಡಮ್ಮ, ಇಂಗೋಗಿ ಅಂಗ್ ಬತ್ತೀನಿ" ಅಂದರು. ಕೊಟ್ಟೆ.

ಇಂಗೋದವರು ಅಂಗ್ ಬರಲೇ ಇಲ್ಲ. ಅಮ್ಮ ಮಾಡಿದ ಕಾಫಿ ಕುಡಿದೆವು. ಇನ್ನೊಮ್ಮೆ ಕುಡಿದೆವು. ನಮ್ಮನೆಯವರು ಗಡಿಯಾರ ನೋಡಿದರು. ಕೊನೆಗೆ ಚಿಕ್ಕಪ್ಪ ಬಂದಿಳಿದು ಮೀಸೆ ಸವರಿಕೊಂಡರು. "ಏರ್‌ಪೋರ್ಟ್ ರೋಡಾಗೆ ಬಿಟ್ಟೆ ನೋಡು, ವಿಮಾನ ಇದ್ದಂಗೈತೆ ಕಣಮ್ಮ! ಸ್ಪೋರ್ಟ್ಸ್ ಮೋಡ್ ಆಕಿ ಏಸಿ ಫುಲ್ ಇಟ್ಟಿದ್ದೆ. ಏನ್ ತಂಪು, ಏನ್ ತಂಪು!"

ನಾನು ಮೆಲ್ಲಗೆ ಹೂವು ಎತ್ತಿ ನೋಡಿದೆ. ನೋಡಿ, ಮತ್ತೆ ಇಳಿಬಿಟ್ಟೆ. ಮಲ್ಲಿಗೆಯ ಹಿಂದೆ ಚಾರ್ಜು ಕೆಂಪಗಾಗುವ ಹಾದಿಯಲ್ಲಿತ್ತು!

ಹೆಬ್ಬಾಳ ದಾಟುತ್ತಿದ್ದಂತೆ ಏಸಿ ಆರಿಸಿದೆ. "ಯಾಕ?" ಅಂದರು. "ಸಹಜ ಗಾಳಿ ಆರೋಗ್ಯಕ್ಕೆ ಒಳ್ಳೇದಂತೆ ಕಣ್ರೀ" ಅಂದೆ. ಗೊರಗುಂಟೆಪಾಳ್ಯದ ಸಹಜ ಗಾಳಿ! ಮುಂದೆ ಲಾರಿ, ಪಕ್ಕದಲ್ಲಿ ಲಾರಿ, ಹಿಂದೆ ಸಿಮೆಂಟ್ ಮಿಕ್ಸರ್. ಆರೋಗ್ಯವೆಲ್ಲ ಕಿಟಕಿಯಿಂದ ಕಪ್ಪಗೆ ಒಳಗೆ ಬರತೊಡಗಿತು. ರೇಷ್ಮೆ ಶರ್ಟು ಬೆನ್ನಿಗೆ ಅಂಟಿತು.

ಅಷ್ಟರಲ್ಲಿ ಕಾರು 'ಟಣ್' ಅಂದಿತು.

"ಏನದು ಸಪ್ಪಳ?"

"ಸೀಟ್ ಬೆಲ್ಟು! ಸರಿಯಾಗಿ ಹಾಕ್ಕೊಳ್ಳಿ."

ಪಾಪ, ಬೆಲ್ಟು ತೆಗೆದು ಮತ್ತೆ ಹಾಕಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ 'ಟಣ್'. ಮತ್ತೆ ತೆಗೆದು ಹಾಕಿಕೊಂಡರು. ನಾಗಸಂದ್ರ ದಾಟುವ ಹೊತ್ತಿಗೆ ಆ ಬೆಲ್ಟಿನ ಕೊಂಡಿ ಸವೆಯುವಷ್ಟಾಗಿತ್ತು. ಪಕ್ಕದಲ್ಲಿ ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಚಾರ್ಜು ಉಳಿಸಲು ನಾನು ಅಷ್ಟು ನಿಧಾನಕ್ಕೆ, ಹಾಲು ತುಂಬಿದ ಪಾತ್ರೆ ಹೊತ್ತವಳಂತೆ ಓಡಿಸುತ್ತಿದ್ದೆ.

"ಸದ್ದೇ ಇಲ್ಲ ನೋಡಿ, ಎಷ್ಟು ನೆಮ್ಮದಿ!" ಅಂದೆ, ಕಣ್ಣು ಮಲ್ಲಿಗೆಯ ಮೇಲೇ ಇದ್ದರೂ.

"ಸಪ್ಪಳ ಮಾಡಾಕ ಜೀವ ಇರಬೇಕಲ್ಲ" ಅಂದರು.

ಅಂತೂ ಮಾಕಳಿ ಮುಟ್ಟಿದೆವು. ನಮ್ಮನೆಯವರು ಇಳಿದು ಶರ್ಟು ಕೊಡವಿಕೊಂಡು ಹೋಮದ ಕಡೆ ಹೋದರು. ನಾನು ಹೂವು ಎತ್ತಿದೆ. ಕಾರು ಆಮೆಯ ಚಿತ್ರ ತೋರಿಸುತ್ತಿತ್ತು! ವಾಪಸ್ ಮನೆಗಿರಲಿ, ಪಕ್ಕದ ರಸ್ತೆಗೂ ಹೋಗುವ ಹಾಗಿರಲಿಲ್ಲ.

ಹೊಸ ಮನೆಯ ಹಿತ್ತಲಲ್ಲಿ ಅಡುಗೆಯವರ ಪೆಂಡಾಲ್ ಇತ್ತು. ಕಂಬದ ಮೇಲೆ ದೊಡ್ಡದೊಂದು ಸಾಕೆಟ್ಟು. ಪಕ್ಕದಲ್ಲಿ ರುಬ್ಬುವ ಯಂತ್ರ ಹೋಳಿಗೆಯ ಹೂರಣ ರುಬ್ಬುತ್ತಿತ್ತು, ನೀರಿನ ಪಂಪು ಓಡುತ್ತಿತ್ತು, ಒಳಗೆ ಹೋಮದ ಹೊಗೆ ಹೊರಗೆಳೆಯಲು ಫ್ಯಾನು ತಿರುಗುತ್ತಿತ್ತು. ಎಲ್ಲವೂ ಒಂದೇ ತಾತ್ಕಾಲಿಕ ಲೈನಿನ ಮೇಲೆ. ಇಂಥಾ ಲೈನಿಗೆ ಇನ್ನೊಂದು ಭಾರದ ಯಂತ್ರ ಸಿಕ್ಕಿಸಿದರೆ ಏನಾಗುತ್ತದೆ? ಇದು ಪರೀಕ್ಷೆಯಲ್ಲಿ ನಾನೇ ಕೇಳುವ ಪ್ರಶ್ನೆ! ಆದರೆ ಆ ಕ್ಷಣದಲ್ಲಿ ನಾನು ಮೇಡಂ ಆಗಿರಲಿಲ್ಲ. ಗಂಡನ ಮುಂದೆ ಸೋಲಲು ಸಿದ್ಧಳಿಲ್ಲದ ಹೆಂಡತಿಯಾಗಿದ್ದೆ. ಡಿಕ್ಕಿಯಿಂದ ಕೇಬಲ್ ತೆಗೆದು ಸಾಕೆಟ್ಟಿಗೆ ಸಿಕ್ಕಿಸಿದೆ. ಈ ಸಲ ಮರೆಯದೆ ಸ್ವಿಚ್ಚೂ ಹಾಕಿದೆ.

ಫಟ್!

ರುಬ್ಬುವ ಯಂತ್ರ ನಿಂತಿತು. ಪಂಪು ನಿಂತಿತು. ಮಂತ್ರ ಹೇಳುತ್ತಿದ್ದ ಮೈಕು ಅರ್ಧ ಅಕ್ಷರಕ್ಕೆ ನಿಂತಿತು. ಒಳಗಿನ ಫ್ಯಾನೂ ನಿಂತು, ಹೊಗೆಗೆ ಹೋಗಲು ದಾರಿಯಿಲ್ಲದೆ ಮನೆಯೆಲ್ಲ ತುಂಬಿತು. ಮೊದಲು ಪುರೋಹಿತರು ಕೆಮ್ಮುತ್ತಾ ಹಿತ್ತಲಿಗೆ ಬಂದರು. ಅವರ ಹಿಂದೆ ಮಲ್ಲಣ್ಣ, ಅವನ ಹೆಂಡತಿ ಶಾಂತಕ್ಕ, ಬೀಗರು, ಬಿಜ್ಜರು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ಬಂದರು. ಎಲ್ಲರಿಗಿಂತ ಹಿಂದೆ ಬಸವರಾಜು.

ನಾನು ಕೇಬಲ್ ಹಿಡಿದು ನಿಂತಿದ್ದೆ.

"ಕರೆಂಟಿನ ಕಾರಾ?" ಅಂದರು ಮಲ್ಲಣ್ಣನ ಸೋದರಮಾವ, ಗದಗದಿಂದ ಬಂದಿದ್ದ ಹಿರಿಯರು. "ಎತ್ತಿನ ಗಾಡಿ ತಂದಿದ್ರ ಒಂದು ಹಿಡಿ ಮೇವು ಹಾಕಿ ಕಳಸ್ತಿದ್ವಿ ನೋಡವಾ. ಇದು ಮನೀನೇ ತಿಂತು!"

ಎಲ್ಲರೂ ನಕ್ಕರು. ಶಾಂತಕ್ಕ ಮಾತ್ರ ನಗಲಿಲ್ಲ. ಅರೆಬರೆ ರುಬ್ಬಿದ ಹೂರಣವನ್ನೇ ನೋಡುತ್ತಿದ್ದಳು. ಅವಳು ಎಷ್ಟು ದಿನದಿಂದ ಈ ಒಂದು ಬೆಳಗಿಗಾಗಿ ಓಡಾಡಿದ್ದಳೋ! ನನಗೆ ನಿಜಕ್ಕೂ ನಾಚಿಕೆಯಾಯಿತು. ನಮ್ಮನೆಯವರ ಕಡೆ ನೋಡಿದೆ. ಈಗ ಬೈಯುತ್ತಾರೆ, ಇಷ್ಟು ಜನರ ಮುಂದೆ "ನಾ ಅವತ್ತೇ ಹೇಳಿದ್ದೆ" ಅನ್ನುತ್ತಾರೆ ಅಂತ ಕಾದೆ. ಅವರು ಕೈಚಾಚಿ ಕಾರಿನ ಕೀ ತೆಗೆದುಕೊಂಡರು. ಅದು ಬೈದದ್ದಕ್ಕಿಂತ ಕಷ್ಟವಾಗಿತ್ತು.

ಪುಣ್ಯಕ್ಕೆ ಪಕ್ಕದ ಜಮೀನಿನ ನಂಜೇಗೌಡರು ಬೇಲಿಯಾಚೆಯಿಂದ ಕೂಗಿದರು. "ಇಂಗೆ ಎಲ್ಲಾ ಒಂದೇ ಲೈನ್ಗೆ ಆಕುದ್ರೆ ಎಂಗಮ್ಮ ತಡೀತೈತೆ? ಆ ಕಾರ್ನ ನಮ್ ಕೊಟ್ಟಿಗೆತಾವ ತರ್ಸಿ, ನಮ್ ಲೈನಾಗೆ ಆಕ್ಕೊಳ್ಳಿ." ಮಲ್ಲಣ್ಣನ ಕಡೆಯ ಗಂಡಸರು ಕಾರನ್ನು ನೂಕಿದರು. ಬಸವರಾಜು ಸ್ಟಿಯರಿಂಗ್ ಹಿಡಿದು ಕೂತರು. ರೇಖಾಳ ಕಾರು ಮೆರವಣಿಗೆಯಲ್ಲಿ ಹೋಗಿ ಎರಡು ಸೀಮೆಹಸುಗಳ ಪಕ್ಕ ಚಾರ್ಜಿಗೆ ನಿಂತಿತು. ಅದರಲ್ಲೊಂದು ಹಸು ಕೂಡಲೇ ಕನ್ನಡಿ ನೆಕ್ಕತೊಡಗಿತು.

ಫ್ಯೂಸು ಸರಿಹೋಗಿ ಕರೆಂಟು ಬಂತು, ಆದರೆ ಪಂಪು ಸುಟ್ಟಿತ್ತು. ನಾನು ಸೆರಗು ಸಿಕ್ಕಿಸಿ ನಂಜೇಗೌಡರ ತೊಟ್ಟಿಯಿಂದ ನೀರು ಹೊತ್ತೆ. ಎಲೆ ಹಾಕಿದೆ. ಶಾಂತಕ್ಕನ ಜೊತೆ ಕೂತು ಹೋಳಿಗೆ ತಟ್ಟಿದೆ. ಸುಮಾರು ಹೊತ್ತಾದ ಮೇಲೆ ಅವಳು, "ಬಿಡ್ರಿ ಮೇಡಂ, ನಮ್ಮನಿ ಓಪನಿಂಗು ಯಾರೂ ಮರಿಯಾಂಗಿಲ್ಲ ಈಗ" ಅಂತ ನಕ್ಕುಬಿಟ್ಟಳು. ನನಗೆ ಉಸಿರು ಬಂತು. ಪಂಪು ನಾನೇ ಮಾಡಿಸಿಕೊಡುತ್ತೇನೆ ಅಂದೆ. ಅವಳು ಬೇಡ ಅನ್ನಲಿಲ್ಲ!

ಊಟ ಮುಗಿದರೂ ನಮ್ಮನೆಯವರು ಕಾಣಲಿಲ್ಲ. ಎಲೆಯ ಮುಂದೆ ಕೂತಾಗ ಮೂರು ಹೋಳಿಗೆ ಹೊಡೆದು ಎದ್ದವರು ಎಲ್ಲಿ ಹೋದರು? ಸಿಟ್ಟಿನಲ್ಲಿ ಬಸ್ ಹತ್ತಿ ಹೊರಟೇಬಿಟ್ಟರಾ? ಹೆದರಿಕೊಂಡು ಕೊಟ್ಟಿಗೆಯ ಹತ್ತಿರ ಹೋದೆ.

ಕಾರಿನ ಗಾಜುಗಳೆಲ್ಲ ಮುಚ್ಚಿದ್ದವು. ಒಳಗೆ ಏಸಿ ತಣ್ಣಗೆ ಓಡುತ್ತಿತ್ತು. ಸೀಟು ಹಿಂದಕ್ಕೆ ಬಾಗಿಸಿ, ರೇಷ್ಮೆ ಶರ್ಟಿನ ಗುಂಡಿ ಬಿಚ್ಚಿ, ಬಾಯಿ ತೆರೆದು ಬಸವರಾಜು ಗೊರಕೆ ಹೊಡೆಯುತ್ತಿದ್ದರು. ಅಂಥಾ ನಿದ್ದೆಯನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಗಾಜು ತಟ್ಟಿದೆ. ಎದ್ದರು. ಸ್ವಲ್ಪ ಹೊತ್ತು ತಾವು ಎಲ್ಲಿದ್ದೇವೆ ಅಂತಲೇ ತಿಳಿಯಲಿಲ್ಲ ಅವರಿಗೆ.

"ಎಂಜಿನ್ನೇ ಇಲ್ಲ, ಏಸಿ ಓಡ್ತೈತಲ್ಲ!" ಅಂದರು, ಮಗುವಿನ ಹಾಗೆ. "ಸಪ್ಪಳಿಲ್ಲ, ನಡುಕಿಲ್ಲ. ಹೋಳಿಗಿ ಉಂಡು ಇದರಾಗ ಮಲಗಿದ್ರ... ಲೇ, ಇದನ್ನ ಬುಕ್ ಮಾಡೂಣು."

ನನ್ನ ಚಿತ್ರಗಳು, ಬೋಧನೆ, ಬ್ರೇಕಿನಿಂದ ವಾಪಸ್ ಬರುವ ಶಕ್ತಿ, ಎಲ್ಲ ಗಾಳಿಗೆ ಹೋದವು. ಗೆದ್ದದ್ದು ಮೂರು ಹೋಳಿಗೆ ಮತ್ತು ಒಂದು ನಿದ್ದೆ!

ನಾನು ಖುಷಿಪಡಬೇಕಿತ್ತು. ಆದರೆ ಆ 'ಫಟ್' ನನ್ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. "ಸ್ವಲ್ಪ ಯೋಚನೆ ಮಾಡೋಣ ಕಣ್ರೀ, ದಾರೀಲಿ ಚಾರ್ಜ್ ಮುಗಿದ್ರೆ..." ಅಂತ ನಾನೇ ರಾಗ ಎಳೆದೆ.

"ಕಾರಿಂದೇನೂ ತಪ್ಪಿಲ್ಲ. ಓಡಸೂ ಮಂದಿಗೆ ಬುದ್ಧಿ ಇರಬೇಕು" ಅಂದರು. ಅದೇ ಮಾತನ್ನು ಮಲ್ಲಣ್ಣನ ಸೋದರಮಾವನಿಗೂ ಹೇಳಿ, ಕಾರಿನ ಸುತ್ತ ಕರೆದೊಯ್ದು ಎಲ್ಲ ವಿವರಿಸಿ, ಆ ಹಿರಿಯರನ್ನೂ ಒಳಗೆ ಮಲಗಿಸಿ ತೋರಿಸಿದರು.

ಕಾರು ಬಂದು ಈಗ ಕೆಲವು ತಿಂಗಳಾಯಿತು. ಮೊನ್ನೆ ನಮ್ಮ ಎದುರು ಮನೆಯ ಶ್ರೀಧರ್ ಸಲಹೆ ಕೇಳಲು ಬಂದಿದ್ದರು. "ಸರ್, ನಂಗೂ ಎಲೆಕ್ಟ್ರಿಕ್ ತಗೋಬೇಕು ಅಂತ ಆಸೆ. ನಮ್ಮ ಮಿಸೆಸ್ ಒಪ್ತಾನೇ ಇಲ್ಲ. ಏನ್ ಮಾಡೋದು?"

ಬಸವರಾಜು ಸೋಫಾದ ಮೇಲೆ ಒರಗಿ, ಅನುಭವಸ್ಥರ ಗಾಂಭೀರ್ಯದಿಂದ ಹೇಳಿದರು. "ಅವಸರ ಮಾಡಬ್ಯಾಡ್ರಿ ಸರ್. ಹೆಣ್ಮಕ್ಕಳಿಗೆ ಕರೆಂಟಂದ್ರ ಒಂದೀಟು ಹೆದರಿಕಿ. ತಾಳ್ಮಿಯಿಂದ ತಿಳಿಸಿ ಹೇಳಬೇಕು. ನಮ್ಮಾಕೀನೂ 'ಯೋಚನೆ ಮಾಡೋಣ, ಯೋಚನೆ ಮಾಡೋಣ' ಅಂತಿದ್ಲು. ಭಾಳ ಕಷ್ಟಪಟ್ಟು ಒಪ್ಪಿಸೀನಿ."

ಶ್ರೀಧರ್ ನನ್ನತ್ತ ತಿರುಗಿ ಕನಿಕರದಿಂದ ನೋಡಿದರು. "ಹೌದಾ ಮೇಡಂ? ನೀವು ಫಿಸಿಕ್ಸ್ ಅಲ್ವಾ?"

"ಹೌದು," ಅಂದೆ. "ಆದ್ರೂ ಇವರು ಹೇಳಿಕೊಟ್ಟ ಮೇಲೇ ಅರ್ಥ ಆಗಿದ್ದು."