ನೀರಿಗೆ ಜಗ್ಗದ ದುರ್ಬೀನು

ಈ ಚಳಿಗಾಲದಲ್ಲಿ ರಾಜಹಂಸಗಳನ್ನು ನಾನೇ ಮೊದಲು ನೋಡುತ್ತೇನೆ, ನೋಡಿ ಜಬೀವುಲ್ಲಾನ ಕಿರೀಟ ಇಳಿಸುತ್ತೇನೆ ಎಂದು ಶಪಥ ಮಾಡಿದೆ!

ಜಬೀವುಲ್ಲಾ ಲಿಂಗಸುಗೂರಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಶಾಲೆಯಲ್ಲೇ ವಿಜ್ಞಾನ ಕಲಿಸಿ, ನನ್ನ ಜೊತೆಗೇ ನಿವೃತ್ತನಾದವನು. ಹೋದ ವರ್ಷ ಮಸ್ಕಿ ಕಡೆಯ ಕೆರೆಯೊಂದರಲ್ಲಿ ರಾಜಹಂಸಗಳ ಫೋಟೊ ತೆಗೆದು ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದ. ಅಂದಿನಿಂದ ಅವನು ‘ಹಕ್ಕಿ ಸರ್’. ಅದಕ್ಕೂ ಮೊದಲು ಆ ಗುಂಪಿನಲ್ಲಿ ಗ್ರಹಣದಿಂದ ಹಿಡಿದು ಗ್ರಾಚ್ಯುಯಿಟಿಯವರೆಗೆ ಯಾರಿಗೆ ಯಾವ ಸಂಶಯ ಬಂದರೂ ನನ್ನನ್ನೇ ಕೇಳುತ್ತಿದ್ದರು. ಈಗ ಅಂಗಳದಲ್ಲಿ ಕಾಗೆ ಕೂಗಿದರೂ ಅವನನ್ನು ಕೇಳುತ್ತಾರೆ. ಜೀವಮಾನವಿಡೀ ಸಂಧಿ, ಸಮಾಸ ಕಲಿಸಿದವನು ಇದನ್ನು ಹೇಗೆ ಸಹಿಸಬೇಕು?

ದಂಡೆಯ ಮೇಲೆ ನಿಂತು ಹಕ್ಕಿ ನೋಡುವುದು ಸಾಮಾನ್ಯರ ಲಕ್ಷಣ. ನಾನು ಹರಗೋಲು ಹತ್ತಿ, ನಾನೇ ಹುಟ್ಟು ಹಾಕಿ, ರಾಜಹಂಸಗಳ ದರ್ಬಾರಿಗೇ ಪ್ರವೇಶಿಸುವವನು! ಹುಟ್ಟು ಹಾಕಿದರೆ ನೀರು ಸಿಡಿಯುತ್ತದೆ. ಆದ್ದರಿಂದ ವಾಟರ್‌ಪ್ರೂಫ್ ದುರ್ಬೀನೇ ಆಗಬೇಕು. ಯಾವುದು ಉತ್ತಮ, ಯಾವುದು ಮಧ್ಯಮ ಎಂದು ಹಗಲೆಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಊಟದ ತಟ್ಟೆಯ ಮುಂದೆಯೂ ಅದೇ ಮಾತು.

“ಮಗಳಿಗೆ ವರಾ ನೋಡಾಗ ಇಷ್ಟು ಪರೀಕ್ಷಾ ಮಾಡಿದ್ದಿಲ್ಲ ನೀವು,” ಎಂದಳು ನನ್ನ ಹೆಂಡತಿ ರೇಣುಕಮ್ಮ.

ಕೊನೆಗೆ ಸಿಂಧನೂರಿನ ಅಂಗಡಿಗೆ ಹೋಗಿ, ಇದ್ದಬದ್ದ ದುರ್ಬೀನುಗಳನ್ನೆಲ್ಲ ಇಳಿಸಿ, ಅಂಗಡಿಯವನ ತಾಳ್ಮೆಯನ್ನೂ ಇಳಿಸಿ, ಒಂದನ್ನು ಆರಿಸಿದೆ.

“ನೀರಾಗ ಬಿದ್ರೂ ಇದಕ್ಕ ಏನೂ ಆಗಂಗಿಲ್ರಿ ಸರ್,” ಎಂದ.

“ಇದರ ಜೋಡಿ ನಾನೂ ಬಿದ್ದರ?”

“ಅದು ಗ್ಯಾರಂಟಿಯೊಳಗ ಬರಂಗಿಲ್ರಿ.”

ನಮ್ಮ ಮನೆಯಲ್ಲಿ ಹೊಸ ವಸ್ತು ಪೂಜೆಯಾಗದೆ ಬಳಕೆಗೆ ಬರುವುದಿಲ್ಲ. ಕುಕ್ಕರು, ಫ್ಯಾನು, ಸ್ಕೂಟರು ಎಲ್ಲವೂ ವಿಭೂತಿ, ಕುಂಕುಮ ಹಚ್ಚಿಸಿಕೊಂಡೇ ಡ್ಯೂಟಿಗೆ ಹಾಜರಾದವು. ನಾನು ಸ್ನಾನಕ್ಕೆ ಹೋದಾಗ ರೇಣುಕಮ್ಮ ದುರ್ಬೀನಿಗೂ ಪೂಜೆ ಮುಗಿಸಿ, ಮುಚ್ಚಳ ಹಾಕಿ ಚೀಲದಲ್ಲಿಟ್ಟಿದ್ದಳು. ನಾನು ತೆಗೆದು ನೋಡಲಿಲ್ಲ. ರಾಜಹಂಸಕ್ಕಿಂತ ಮೊದಲು ಬೇರೇನನ್ನೂ ಅದರಲ್ಲಿ ನೋಡಬಾರದೆಂಬುದು ನನ್ನ ವ್ರತ!

ರೊಟ್ಟಿಯ ಬುತ್ತಿ ಕಟ್ಟಿಕೊಂಡು ಅವಳೂ ಮಸ್ಕಿ ಕಡೆಯ ಅದೇ ಕೆರೆಗೆ ಬಂದಳು. ಅವಳನ್ನು ದಂಡೆಯ ಮೇಲೆ ಕೂರಿಸಿ, ಮೀನುಗಾರರ ಹರಗೋಲನ್ನು ಬಾಡಿಗೆಗೆ ಹಿಡಿದು ನಾನೊಬ್ಬನೇ ಹೊರಟೆ. ಎಡಕ್ಕೆ ಹುಟ್ಟು ಹಾಕಿದರೆ ಹರಗೋಲು ಬಲಕ್ಕೆ ತಿರುಗಿತು, ಬಲಕ್ಕೆ ಹಾಕಿದರೆ ಎಡಕ್ಕೆ ತಿರುಗಿತು. ಇದ್ದಲ್ಲೇ ಬೀಸುವ ಕಲ್ಲಿನಂತೆ ಗರಗರ ಸುತ್ತಿ, ನಾಲ್ಕೂ ದಿಕ್ಕಿನ ದರ್ಶನ ಮಾಡಿಸಿತು. ಕೆರೆಯ ಅರ್ಧ ನೀರು ನನ್ನ ಮೇಲೆಯೇ ಇತ್ತು. ಮುಚ್ಚಳ ತೆಗೆದು ಕೊರಳಿಗೆ ಹಾಕಿಕೊಂಡಿದ್ದ ದುರ್ಬೀನಂತೂ ಮಜ್ಜನವನ್ನೇ ಮಾಡಿತು. ಮಾಡಲಿ, ಅದು ವಾಟರ್‌ಪ್ರೂಫ್!

ದೂರದಲ್ಲಿ ಒಂದು ಹಿಂಡು ಕಂಡಿತು. ದುರ್ಬೀನನ್ನು ಕಣ್ಣಿಗೆ ಹಿಡಿದೆ. ಆಹಾ! ಉದ್ದ ಕೊರಳು, ಉದ್ದ ಕಾಲು, ಮೈಯೆಲ್ಲ ನಸುಗೆಂಪು! ಅಲ್ಲಿಂದಲೇ ಗುಂಪಿಗೆ ಧ್ವನಿ ಸಂದೇಶ ಕಳಿಸಿದೆ. ರಾಜಹಂಸಗಳ ಮಹಾಸಭೆಯೇ ಸೇರಿದೆ, ಸಂಶಯವಿದ್ದವರು ಕೂಡಲೇ ಬರಬೇಕು, ಜಬೀವುಲ್ಲಾ ಅವರು ಅವಶ್ಯವಾಗಿ ಬರಬೇಕು ಎಂದೆ.

ಪೆನ್ಷನ್ ಪಡೆಯುವವರಿಗೆ ಬೇರೆ ಕೆಲಸವೇನು? ನಾನು ಸುತ್ತಿ ಸುತ್ತಿ ದಂಡೆ ಮುಟ್ಟಿ, ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಬೈಕುಗಳ ದಂಡೇ ಬಂದಿತು. ಜಬೀವುಲ್ಲಾ ಬರಿಗಣ್ಣಿನಿಂದ ಹಿಂಡನ್ನು ನೋಡಿದ. ನನ್ನ ದುರ್ಬೀನಿನಿಂದ ನೋಡಿದ. ಆಮೇಲೆ ಅದನ್ನು ದಂಡೆಯ ಮೇಲಿದ್ದ ತನ್ನ ಬಿಳಿ ಸ್ಕೂಟರಿನ ಕಡೆಗೆ ತಿರುಗಿಸಿದ.

“ಗಂಗಾಧರ ಮಾಸ್ತರ್ರ, ನನ್ನ ಗಾಡಿನೂ ರಾಜಹಂಸ ಆಗೈತಿ.”

ಎಲ್ಲರೂ ನಕ್ಕರು. ದುರ್ಬೀನಿನ ಗಾಜು ನೋಡುತ್ತೇನೆ, ಒದ್ದೆಯಾದ ಕುಂಕುಮ ಕರಗಿ ಗಾಜಿನ ತುಂಬ ಹರಡಿದೆ! ನಾನು ಕಂಡಿದ್ದು ಊರ ಗದ್ದೆಯಲ್ಲಿ ದಿನಾ ಕಾಣುವ ಬೆಳ್ಳಕ್ಕಿ. ರೇಣುಕಮ್ಮನನ್ನು ದುರುಗುಟ್ಟಿ ನೋಡಿದೆ.

“ಇದರ ಹಣಿ ಎಲ್ಲೈತಿ ಅಂತ ತಿಳೀಲಿಲ್ರಿ,” ಎಂದಳು ಶಾಂತವಾಗಿ. “ಅದಕ್ಕ ಎಲ್ಲಾ ಕಡಿ ಹಚ್ಚೀನಿ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಲೆ ತಗ್ಗಿಸಿ ಕುಳಿತು ಧೋತರದ ಚುಂಗಿನಿಂದ ಗಾಜು ಒರೆಸತೊಡಗಿದೆ. ಒರೆಸಿದಷ್ಟೂ ಕುಂಕುಮ ಹರಡಿತು. ನೀರಿಗೆ ಜಗ್ಗದ ವಸ್ತು ಧೋತರಕ್ಕೆ ಜಗ್ಗೀತೇ?

“ರೀ, ಮ್ಯಾಲೆ ನೋಡ್ರಿ, ಕೆಂಪನ ರೆಕ್ಕಿ ಬಿಚ್ಚಿ ಹೊಂಟಾವ,” ಎಂದಳು ರೇಣುಕಮ್ಮ.

ನಾನು ತಲೆ ಎತ್ತಲಿಲ್ಲ. “ಅದು ನಿನ್ನ ಕುಂಕುಮ. ಸುಮ್ಮನ ಕುಂದ್ರು,” ಎಂದೆ.

ಯಾರೂ ನಗಲಿಲ್ಲ. ಅದೇ ವಿಚಿತ್ರವೆನಿಸಿ ತಲೆ ಎತ್ತಿದೆ. ಬಂದವರೆಲ್ಲ ಮೊಬೈಲು ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಜಬೀವುಲ್ಲಾ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಅದರಲ್ಲಿ, ಕೊರಳು ಚಾಚಿ, ಕೆಂಪು ರೆಕ್ಕೆ ಬಿಚ್ಚಿ, ನನ್ನ ಬೋಳು ತಲೆಯ ಮೇಲೆಯೇ ಸಾಲಾಗಿ ಹಾರುತ್ತಿದ್ದ ರಾಜಹಂಸಗಳು! ಕೆಳಗೆ ಧೋತರದಿಂದ ಗಾಜು ತಿಕ್ಕುತ್ತಿರುವ ನಾನು. ಫೋಟೊ ಆಗಲೇ ಗುಂಪಿಗೆ ಹೋಗಿತ್ತು.

ರೇಣುಕಮ್ಮ ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡಳು. ಕೆರೆಯ ನೀರಿನಲ್ಲಿ ಮುಳುಗಿಸಿ, ತೊಳೆದು, ಸೆರಗಿನಿಂದ ಒರೆಸಿ, ನನ್ನ ಕೊರಳಿಗೆ ಹಾಕಿದಳು.

“ಈಗ ನೋಡ್ರಿ,” ಎಂದಳು.

ನೋಡಿದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಖಾಲಿ ಆಕಾಶವನ್ನು ಅಷ್ಟು ಸ್ಪಷ್ಟವಾಗಿ ನಾನು ಎಂದೂ ನೋಡಿರಲಿಲ್ಲ.